ಕಂದಕದ ಮನೆಗಳು, ಕಣಜವಾದ ಚಾಪೆಲ್: ಕೆಂಟ್ ಸೀಮೆಯ ಓಡಾಟ

ಶನಿವಾರ, ರಾದರ್‌ಹೈತ್

ಲಂಡನ್ನಿನ ಬರ್ಮಂಡ್ಸಿ ನಿಲ್ದಾಣದಲ್ಲಿ ಇಳಿದು ಥೇಮ್ಸ್ ನದಿಯ ಕಡೆಗೆ ಸ್ವಲ್ಪ ದೂರ ನಡೆದರೆ, ಏಂಜೆಲ್ ಎಂಬ ಹಳೆಯ ಪಬ್ಬಿನ ಎದುರಿಗೆ, ರಸ್ತೆಗಿಂತ ತಗ್ಗಿನಲ್ಲಿ ಒಂದು ಹುಲ್ಲುಹಾಸು ಸಿಗುತ್ತದೆ. ಅದರ ನಡುವೆ ಮೊಣಕಾಲೆತ್ತರದ ಕಲ್ಲಿನ ಗೋಡೆಗಳ ಸಾಲುಗಳಿವೆ. ಮೂರನೇ ಎಡ್ವರ್ಡ್ ದೊರೆ 1353ರಲ್ಲಿ ಇಲ್ಲಿ ಕಟ್ಟಿಸಿದ ಬಂಗಲೆಯಲ್ಲಿ ಇಂದು ಕಣ್ಣಿಗೆ ಕಾಣುವಷ್ಟು ಉಳಿದಿರುವುದು ಇಷ್ಟೇ. ಆಗ ಇದು ಜೌಗುನೆಲದ ನಡುವಿನ ದಿಬ್ಬವಾಗಿತ್ತು. ಮೂರು ಕಡೆ ಕಂದಕ ತೋಡಿ, ಉತ್ತರದ ಬದಿಯನ್ನು ಮಾತ್ರ ನದಿಗೆ ತೆರೆದು ಬಿಟ್ಟಿದ್ದರು. ದೊರೆ ದೋಣಿಯಲ್ಲಿಯೇ ಬಂದು ಮನೆಯ ಬಾಗಿಲಲ್ಲಿ ಇಳಿಯಬಹುದಾಗಿತ್ತು.

ಅಂದು ಸೆಕೆ ವಿಪರೀತವಾಗಿತ್ತು. ನಾಯಿಯನ್ನು ಅಡ್ಡಾಡಿಸಲು ಬಂದಿದ್ದ ವೃದ್ಧರೊಬ್ಬರು ನಾನು ಫಲಕ ಓದುತ್ತಿರುವುದನ್ನು ಕಂಡು ತಾವಾಗಿಯೇ ಮಾತಿಗೆ ನಿಂತರು. ಅವರು ಹುಡುಗರಾಗಿದ್ದಾಗ ಇಲ್ಲೆಲ್ಲ ಸರಕಿನ ಗೋದಾಮುಗಳಿದ್ದವಂತೆ. ಅವುಗಳ ಗೋಡೆಯಲ್ಲಿ ದೊರೆಯ ಮನೆಯ ಕಲ್ಲುಗಳೂ ಸೇರಿವೆ ಎಂಬುದು ಅಲ್ಲಿ ಕೆಲಸ ಮಾಡುತ್ತಿದ್ದ ಅವರ ತಂದೆಗೂ ತಿಳಿದಿರಲಿಲ್ಲವಂತೆ. ಗೋದಾಮುಗಳನ್ನು ಕೆಡವಿದ ಮೇಲೆಯೇ ಪುರಾತತ್ತ್ವಜ್ಞರು ನೆಲ ಅಗೆದು ಈ ಗೋಡೆಗಳನ್ನು ಹೊರಗೆ ತಂದರು. ಅರಮನೆ, ಆಮೇಲೆ ಕುಂಬಾರಿಕೆಯ ಕಾರ್ಖಾನೆ, ಆಮೇಲೆ ಗೋದಾಮು ಎಂಬ ಈ ಕ್ರಮವನ್ನು ಕೇಳಿದಾಗ, ಇನ್ನು ಮುಂದಿನ ಊರುಗಳಲ್ಲಿ ನಾನು ಯಾವುದನ್ನು ಗಮನಿಸಬೇಕೆಂಬುದು ಸ್ಪಷ್ಟವಾಯಿತು. ಹಳೆಯ ಕಟ್ಟಡವನ್ನು ಕಟ್ಟಿಸಿದವನ ಹೆಸರು ಎಲ್ಲ ಫಲಕಗಳಲ್ಲಿಯೂ ಇರುತ್ತದೆ. ಅವನ ಕಾಲದ ನಂತರ ಅದನ್ನು ಬೇರೆ ಕೆಲಸಕ್ಕೆ ಬಳಸಿ, ಸೂರು ಸೋರದಂತೆ ನೋಡಿಕೊಂಡು, ನಮ್ಮ ಕಾಲದವರೆಗೆ ದಾಟಿಸಿದವರು ಯಾರು ಎಂಬುದನ್ನು ತಿಳಿಯಲು ಮಾತ್ರ ನಾವಾಗಿಯೇ ಕೇಳಿ, ಹುಡುಕಬೇಕಾಗುತ್ತದೆ.

ಸಂಜೆಯ ರೈಲಿಗೆ, ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಸೀಮೆಯಲ್ಲಿರುವ ಟನ್‌ಬ್ರಿಜ್ ತಲುಪಿದೆ. ಅಲ್ಲಿ ನನ್ನ ಅಕ್ಕನ ಮಗಳು ಇದ್ದಾಳೆ. ಮುಂದಿನ ಎರಡು ದಿನ ಅವಳದೇ ಕಾರು, ಅವಳದೇ ಚಾಲನೆ.

ಭಾನುವಾರ, ಓಲ್ಡ್ ಸೋರ್ ಮತ್ತು ಐಥಮ್ ಮೋಟ್

ಬೆಳಗ್ಗೆಯೇ ಜಿಟಿಜಿಟಿ ಮಳೆ ಹಿಡಿದಿತ್ತು. ಮೆಂತ್ಯದ ಚಪಾತಿ, ನಿಂಬೆ ಉಪ್ಪಿನಕಾಯಿ ಮತ್ತು ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಪ್ಲಾಕ್ಸ್‌ಟಲ್ ಎಂಬ ಹಳ್ಳಿಯ ದಾರಿ ಹಿಡಿದೆವು. ಕೆಂಟ್‌ನ ಈ ಒಳದಾರಿಗಳು ಎರಡು ಬದಿಯ ಹೊಲಗಳಿಗಿಂತ ಆಳದಲ್ಲಿ ಹಾಯುತ್ತವೆ. ಶತಮಾನಗಳ ಕಾಲ ಗಾಡಿಗಳೂ ಮಳೆನೀರೂ ಸವೆಸಿದ್ದರಿಂದ ರಸ್ತೆ ತಗ್ಗಿ, ಪಕ್ಕದ ದಂಡೆಯಲ್ಲಿ ಮರದ ಬೇರುಗಳು ಹೊರಗೆ ಚಾಚಿಕೊಂಡಿವೆ. ಮೇಲೆ ಕೊಂಬೆಗಳು ಕೂಡಿಕೊಂಡು ಹಗಲಿನಲ್ಲಿಯೇ ಕತ್ತಲು ಕವಿದಿರುತ್ತದೆ. ಒಂದೇ ಕಾರಿಗೆ ಸಾಲುವ ಅಗಲ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಚಲಿಸಿ ಯಾವುದಾದರೂ ತೋಟದ ಬಾಗಿಲಲ್ಲಿ ಸರಿದು ನಿಲ್ಲಬೇಕು. ಹಾಗೆ ಸರಿದು ನಿಂತಾಗಲೇ ದಂಡೆಯ ಕಲ್ಲೊಂದರ ಚೂಪು ಅಂಚು ತಗುಲಿ ಹಿಂದಿನ ಚಕ್ರದ ಗಾಳಿ ಹೋಯಿತು.

ಟ್ರ್ಯಾಕ್ಟರಿನ ಯಜಮಾನರು ಮುಂದೆ ಹೋಗದೆ ಇಳಿದು ಬಂದರು. ಮಳೆಯಲ್ಲಿಯೇ ಜ್ಯಾಕ್ ಹಾಕಿ, ಚಕ್ರ ಬದಲಿಸಿ, ಕೈ ಒರೆಸಿಕೊಳ್ಳುತ್ತ, ಈ ದಾರಿಯಲ್ಲಿ ಜಿಪಿಎಸ್ ಹೇಳುವ ಸಮಯಕ್ಕೆ ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಬೇಕೆಂದು ಬುದ್ಧಿ ಹೇಳಿದರು. ಅವರದು ಕಾಬ್‌ನಟ್ ತೋಪು. ಹೇಸಲ್ ಜಾತಿಯ ಈ ಕಾಯಿಗೆ ಪ್ಲಾಕ್ಸ್‌ಟಲ್ ಸುತ್ತಮುತ್ತಲಿನ ನೆಲ ಹೆಸರುವಾಸಿ. ಆಗಸ್ಟ್ ಕೊನೆಯಿಂದ ಹಸಿಯಾಗಿಯೇ ಕೊಯ್ದು ಮಾರುತ್ತಾರೆ. ತಮ್ಮ ಗಾಡಿಯ ಚೀಲದಿಂದ ಎರಡು ಹಿಡಿ ತೆಗೆದು ನಮ್ಮ ಕೈಗೆ ಹಾಕಿದರು. ಗರಿಗರಿ ಅಂಚಿನ ಹಸಿರು ಹೊದಿಕೆಯನ್ನು ಬಿಡಿಸಿ, ಎಳೆಯ ಚಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ಒಡೆದರೆ ಒಳಗೆ ಬೆಳ್ಳಗಿನ ತಿರುಳು. ಜಗಿದಂತೆಲ್ಲ ಹಾಲಿನ ಸಿಹಿ ಬಾಯಿಗೆ ಬರುತ್ತದೆ. ಒಣಗಿದ ಹೇಸಲ್ ಬೀಜಕ್ಕೂ ಇದಕ್ಕೂ ರುಚಿಯಲ್ಲಿ ಸಂಬಂಧವೇ ಇಲ್ಲವೆನ್ನಬೇಕು. ಹಣ ಕೊಡಹೋದರೆ ಅವರು ಒಪ್ಪಲಿಲ್ಲ.

ಓಲ್ಡ್ ಸೋರ್‌ಗೆ ಕಂದಕವಿಲ್ಲ. ಆದರೂ ಮೊದಲು ಇದನ್ನು ನೋಡಿದ್ದು ಒಳ್ಳೆಯದಾಯಿತು, ಏಕೆಂದರೆ 13ನೇ ಶತಮಾನದ ಸರದಾರನೊಬ್ಬನ ಮನೆಯ ಅಂಗಾಂಗಗಳು ಇಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತವೆ. ಸುಮಾರು 1290ರಲ್ಲಿ ಕಲ್‌ಪೆಪರ್ ಮನೆತನದವರು ಕಟ್ಟಿಸಿದ ಮನೆಯಿದು. ಊಟ, ನ್ಯಾಯ, ಲೆಕ್ಕಪತ್ರ ಎಲ್ಲವೂ ನಡೆಯುತ್ತಿದ್ದ ದೊಡ್ಡ ಹಜಾರವನ್ನು 18ನೇ ಶತಮಾನದಲ್ಲಿ ತೆಗೆದು, ಅದರ ಜಾಗದಲ್ಲಿ ಕೆಂಪಿಟ್ಟಿಗೆಯ ಬೇಸಾಯದ ಮನೆ ಕಟ್ಟಿದ್ದಾರೆ. ಹಜಾರದ ತುದಿಯಲ್ಲಿದ್ದ ಒಡೆಯನ ಖಾಸಗಿ ಭಾಗ ಮಾತ್ರ ಕೆಂಟ್‌ನ ಒರಟು ಸುಣ್ಣಗಲ್ಲಿನ ಗೋಡೆಗಳೊಡನೆ ಹಾಗೆಯೇ ನಿಂತಿದೆ. ಕೆಳಗೆ ಕಮಾನು ಛಾವಣಿಯ ದಾಸ್ತಾನು ಕೋಣೆ. ಸುರುಳಿ ಮೆಟ್ಟಿಲು ಹತ್ತಿದರೆ ಮೇಲೆ ಸೋಲಾರ್ ಎಂದು ಕರೆಯುವ ಮಲಗುವ, ಕೂರುವ ಕೋಣೆ. ಅದರ ಒಂದು ಮೂಲೆಯಿಂದ ಶೌಚದ ಕೋಣೆ, ಇನ್ನೊಂದು ಮೂಲೆಯಿಂದ ಚಾಪೆಲ್ ಎಂಬ ಮನೆಯೊಳಗಿನ ಪ್ರಾರ್ಥನಾ ಮಂದಿರ ಹೊರಚಾಚಿಕೊಂಡಿವೆ.

ಕಾವಲಿನವರಿಲ್ಲ, ಟಿಕೆಟ್ಟಿಲ್ಲ, ಮೇಜು ಕುರ್ಚಿ ಒಂದೂ ಇಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ, ಅದರಲ್ಲಿಯೂ ಎಲ್ಲ ದಿನಗಳಲ್ಲಿ ಅಲ್ಲ. ಹೊರಡುವ ಮುನ್ನ ನೋಡಿಕೊಂಡು ಹೋಗಬೇಕು. ಕುಡಿಯುವ ನೀರು, ಶೌಚಾಲಯ ಸಿಗುವುದಿಲ್ಲ. ಚಾಪೆಲ್ಲಿನ ಗೋಡೆಯಲ್ಲಿ ಕಲ್ಲಿನಲ್ಲಿಯೇ ಕೊರೆದ ಒಂದು ಪುಟ್ಟ ಬೋಗುಣಿಯಿದೆ. ಪೂಜೆ ಮುಗಿದ ಮೇಲೆ ಪಾದ್ರಿ ಪಾತ್ರೆಗಳನ್ನು ತೊಳೆದ ನೀರು ಯಾರ ಕಾಲಿಗೂ ತಾಗದೆ ನೆಲಕ್ಕೆ ಇಂಗಬೇಕೆಂದು ಮಾಡಿದ ವ್ಯವಸ್ಥೆ ಅದು. ಖಾಲಿ ಕೋಣೆಯೊಂದು ಒಂದು ಕಾಲಕ್ಕೆ ದೇವರ ಮನೆಯಾಗಿತ್ತೆಂಬುದನ್ನು ಆ ಬೋಗುಣಿಯೊಂದೇ ಸಾಕ್ಷಿ ಹೇಳುತ್ತಿದೆ. ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ: ಒಳಬದಿ ನಯವಾಗಿತ್ತು, ಹೊರಬದಿಯಲ್ಲಿ ಉಳಿಯ ಗೀರುಗಳು ಇನ್ನೂ ತರಿತರಿಯಾಗಿ ಕೈಗೆ ಸಿಗುತ್ತಿದ್ದವು.

ಅಲ್ಲಿಂದ ಐಥಮ್ ಮೋಟ್ ಕೆಲವೇ ಮೈಲಿ. ಕಣಿವೆಯ ತಳದಲ್ಲಿರುವ ಈ ಮನೆ ದೂರದಿಂದ ಕಾಣುವುದಿಲ್ಲ. ಇಳಿಜಾರಿನ ದಾರಿಯಲ್ಲಿ ನಡೆದು ಬಂದವರಿಗೆ ಒಮ್ಮೆಲೇ ನೀರು, ನೀರಿನಿಂದ ನೇರ ಎದ್ದ ಕಲ್ಲಿನ ಗೋಡೆ, ಅದರ ಮೇಲೆ ಮರದ ಚೌಕಟ್ಟಿನ ಮಹಡಿ ಎದುರಾಗುತ್ತವೆ. ಇಂಗ್ಲೆಂಡಿನಲ್ಲಿ ಸುಮಾರು 6,000 ಕಂದಕದ ನಿವೇಶನಗಳನ್ನು ಗುರುತಿಸಿದ್ದಾರೆ. ಹೆಚ್ಚಿನವನ್ನು ತೋಡಿದ್ದು 1250ರಿಂದ 1350ರ ನಡುವೆ. ಅವುಗಳಲ್ಲಿ ಬಹುಪಾಲು ಈಗ ಹೊಲದ ನಡುವೆ ಚೌಕಾಕಾರದ ತಗ್ಗುಗಳಷ್ಟೇ. ಸೈನ್ಯವನ್ನು ತಡೆಯುವ ಶಕ್ತಿ ಈ ಕಂದಕಗಳಿಗೆ ಇರಲಿಲ್ಲ. ಕಳ್ಳಕಾಕರನ್ನು ದೂರವಿಡಲು, ಮೀನು ಸಾಕಲು, ತೇವದ ನೆಲದ ನೀರು ಬಸಿಯಲು, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಒಡೆಯ ದೊಡ್ಡವನೆಂದು ದಾರಿಹೋಕರಿಗೆ ತೋರಿಸಲು ಅವು ಬೇಕಾಗಿದ್ದವು.

ಸುಮಾರು 1320ರಲ್ಲಿ ಕಟ್ಟತೊಡಗಿದ ಐಥಮ್‌ನಲ್ಲಿ ಈಗ ಎಪ್ಪತ್ತರಷ್ಟು ಕೋಣೆಗಳಿವೆ. ಸೇತುವೆ ದಾಟಿ ಒಳಹೊಕ್ಕಾಗ ನಡುವಿನ ಕಲ್ಲುಹಾಸಿನ ಅಂಗಳ, ಸುತ್ತ ನಾಲ್ಕೂ ಕಡೆ ಅದರತ್ತ ಮುಖ ಮಾಡಿದ ಕೋಣೆಗಳು. ಮಲೆನಾಡಿನ ತೊಟ್ಟಿಮನೆಯ ಅಂಗಳದಲ್ಲಿ ನಿಂತಂತೆಯೇ ಮಳೆಹನಿ ನಾಲ್ಕೂ ಸೂರುಗಳಿಂದ ನಡುವಿಗೆ ಇಳಿಯುತ್ತಿತ್ತು. "ಚಿಕ್ಕಮ್ಮ, ಅಜ್ಜಿ ಮನೆ ನೆನಪಾಗ್ತಿದೆ ಅಲ್ವಾ?" ಎಂದು ಅಕ್ಕನ ಮಗಳು ಕೇಳಿದಳು. ಅದೇ ಅಂಗಳದಲ್ಲಿ 1891ರಲ್ಲಿ ಡೈಡೋ ಎಂಬ ಸೇಂಟ್ ಬರ್ನಾರ್ಡ್ ನಾಯಿಗೆಂದು ಕಟ್ಟಿಸಿದ ಮರದ ಗೂಡು ಇದೆ; ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೂ ಪ್ರಥಮ ದರ್ಜೆಯ ಸ್ಥಾನ ಸಿಕ್ಕಿದೆ.

ಇಲ್ಲಿ ಎರಡು ಚಾಪೆಲ್‌ಗಳು. 14ನೇ ಶತಮಾನದ ಹಳೆಯದು ಕಾಲಕ್ರಮದಲ್ಲಿ ಬಳಕೆ ತಪ್ಪಿ ಮನೆಯ ಇತರ ಕೋಣೆಗಳ ಸಾಲಿಗೆ ಸೇರಿತು. ಹೊಸ ಚಾಪೆಲ್ ಎಂದು ಕರೆಯುವುದು ಟ್ಯೂಡರ್ ರಾಜವಂಶದ ಕಾಲದ, ಅಂದರೆ 16ನೇ ಶತಮಾನದ ಕೋಣೆಯಲ್ಲಿದೆ. 1521ರಲ್ಲಿ ಈ ಮನೆಯನ್ನು ಕೊಂಡ ಸರ್ ರಿಚರ್ಡ್ ಕ್ಲೆಮೆಂಟ್ ಎಂಟನೇ ಹೆನ್ರಿಯ ಆಸ್ಥಾನದವನು. ಆ ಚಾಪೆಲ್ಲಿನ ಪೀಪಾಯಿಯಾಕಾರದ ಮರದ ಛಾವಣಿಯ ತುಂಬ ಬಣ್ಣದ ಚಿತ್ರಗಳಿವೆ: ಟ್ಯೂಡರ್ ಗುಲಾಬಿ, ಅದರ ಪಕ್ಕದಲ್ಲಿ ಹೆನ್ರಿಯ ಮೊದಲ ಹೆಂಡತಿ ರಾಣಿ ಕ್ಯಾಥರೀನಳ ತವರಾದ ಸ್ಪೇನನ್ನು ಸೂಚಿಸುವ ಕ್ಯಾಸ್ಟೀಲ್‌ನ ಕೋಟೆ, ಆರಗಾನ್‌ನ ಬಾಣಗಳ ಕಟ್ಟು. ಬಣ್ಣ ಮಾಸಿದೆ; ಕತ್ತು ಮೇಲೆತ್ತಿ ಕೆಲವು ನಿಮಿಷ ನಿಂತ ಮೇಲೆಯೇ ಆಕೃತಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಹೆನ್ರಿ ಕ್ಯಾಥರೀನಳನ್ನು ಬಿಟ್ಟು, 1533ರಲ್ಲಿ ಆ ಮದುವೆಯನ್ನು ಅಸಿಂಧುವೆಂದು ಸಾರಿದ ಮೇಲೆಯೂ ಈ ಮನೆಯವರು ಛಾವಣಿಯ ಮೇಲಿನ ಅವಳ ಗುರುತುಗಳನ್ನು ಅಳಿಸಲಿಲ್ಲ. ಆ ಅಪಾಯದ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲವೆಂದು ನನಗನಿಸಿತು.

ಒಳಗಿದ್ದ ಸ್ವಯಂಸೇವಕಿ ನಿವೃತ್ತ ಶಿಕ್ಷಕಿ. ಮಳೆಯಿಂದಾಗಿ ಜನ ಕಡಿಮೆಯಿದ್ದುದರಿಂದ ನಿಧಾನವಾಗಿ ಕಥೆ ಹೇಳಿದರು. ಸುಮಾರು 300 ವರ್ಷ ಸೆಲ್ಬಿ ಮನೆತನದ ಕೈಯಲ್ಲಿದ್ದ ಮನೆ 1889ರಲ್ಲಿ ಕಾಲ್ಯರ್ ಫರ್ಗುಸನ್ ಕುಟುಂಬಕ್ಕೆ ಬಂತು. ಆ ಮನೆಯ ಮಗ ರಿವರ್ಸ್‌ಡೇಲ್ 1917ರ ಜುಲೈ 31ರಂದು ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತ. ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು. 1951ರಲ್ಲಿ ಮನೆ ಮಾರಾಟಕ್ಕೆ ಬಂದಾಗ, ಛಾವಣಿಯ ಸೀಸಕ್ಕಾಗಿಯೇ ಇದನ್ನು ಕೆಡವುವ ಮಾತು ಕೇಳಿಬಂತು. ಆಗ ಈ ಸೀಮೆಯ ಮೂವರು ವ್ಯಾಪಾರಿಗಳು ಕೂಡಿ ಕೊಂಡು, ತಕ್ಕ ಒಡೆಯ ಸಿಗುವವರೆಗೆ ಕಾಪಾಡಿದರು. 1953ರಲ್ಲಿ ಕೊಂಡವರು ಅಮೆರಿಕದ ಮೇನ್ ರಾಜ್ಯದ ಚಾರ್ಲ್ಸ್ ಹೆನ್ರಿ ರಾಬಿನ್ಸನ್. ಕೊಳ್ಳುವುದಾಗಿ ಒಪ್ಪಿ ಹಡಗಿನಲ್ಲಿ ಮರಳುವಾಗ ಮನಸ್ಸು ಬದಲಾಗಿ ಬೇಡವೆಂದು ಪತ್ರ ಬರೆದರಂತೆ. ಅಂಚೆಚೀಟಿ ಸಿಗದೆ ಪತ್ರ ಹೋಗಲಿಲ್ಲವಂತೆ. 1985ರಲ್ಲಿ ಅವರು ತೀರಿಕೊಂಡಾಗ ಮನೆ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಂತು, ಅವರ ಚಿತಾಭಸ್ಮವನ್ನು ಇದೇ ಮನೆಯಲ್ಲಿ ಇರಿಸಿದರು. 1989ರಿಂದ 2004ರವರೆಗೆ ಒಂದು ಕೋಟಿ ಪೌಂಡಿಗೂ ಮಿಗಿಲಾಗಿ ವೆಚ್ಚ ಮಾಡಿ ಭಾಗಭಾಗವಾಗಿ ಬಿಚ್ಚಿ, ದಾಖಲಿಸಿ, ಕೊಳೆತ ತೊಲೆಯಿದ್ದಲ್ಲಿ ಹೊಸ ಓಕ್ ಮರ ಕೂಡಿಸಿ ದುರಸ್ತಿ ಮಾಡಿದರು. ಆ ಮೂವರು ವ್ಯಾಪಾರಿಗಳಲ್ಲಿ ಯಾರೂ ಇಲ್ಲಿ ವಾಸ ಮಾಡಲಿಲ್ಲ. ಈ ಮನೆಯ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿದ್ದು ಅವರ ಮೇಲೆಯೇ.

ಸೋಮವಾರ, ಸ್ಕಾಟ್ನಿ

ಮಳೆ ಬಿಟ್ಟು ಆಕಾಶ ತೊಳೆದಂತಿತ್ತು. ಲ್ಯಾಂಬರ್‌ಹರ್ಸ್ಟ್ ಹಳ್ಳಿಯ ಬಳಿಯ ಸ್ಕಾಟ್ನಿಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿದರೆ ಒಳ್ಳೆಯದು. ಮಧ್ಯಾಹ್ನದ ನಂತರ ಕಂದಕದ ಸುತ್ತ ನಡೆಯುವ ಕಾಲುದಾರಿ ತುಂಬಿಹೋಗುತ್ತದೆ.

ರೋಜರ್ ಆ್ಯಶ್‌ಬರ್ನ್‌ಹ್ಯಾಮ್ ಎಂಬುವನು 1378ರಿಂದ 1380ರ ಸುಮಾರಿನಲ್ಲಿ, ಫ್ರೆಂಚರು ದಕ್ಷಿಣ ಕರಾವಳಿಯ ಊರುಗಳಿಗೆ ನುಗ್ಗಿ ಸುಡುತ್ತಿದ್ದ ಕಾಲದಲ್ಲಿ, ಬ್ಯೂಲ್ ಹೊಳೆಯ ನೀರನ್ನು ತಿರುಗಿಸಿ ಕಂದಕ ಮಾಡಿ ಈ ಮನೆ ಕಟ್ಟಿಸಿದ. ಆಗಿನದರಲ್ಲಿ ಉಳಿದಿರುವುದು ಮುಖ್ಯವಾಗಿ ಶಂಕುವಿನಾಕಾರದ ಸೂರು ಹೊತ್ತ ಒಂದು ದುಂಡು ಬುರುಜು. ಅದಕ್ಕೆ ಆತುಕೊಂಡು ನಂತರದ ಕಾಲದ ಮನೆಯ ಭಾಗ, ಅದರಾಚೆ ಕಿಟಕಿಗಳ ಕಲ್ಲಿನ ಚೌಕಟ್ಟು ಮಾತ್ರ ನಿಂತಿರುವ ಮುರುಕು ಗೋಡೆಗಳು. ನೀರಿನ ಮೇಲೆ ಇವೆಲ್ಲದರ ನೆರಳು ಬಿದ್ದಿರುವುದನ್ನು ಕಂಡವರು ಇದಕ್ಕಿಂತ ಚೆಲುವಾದ ಪಾಳುಕಟ್ಟಡವಿಲ್ಲವೆಂದು ಹೇಳುವುದು ಸಹಜ.

ಆದರೆ ಈ ಪಾಳು ತಾನಾಗಿಯೇ ಆದದ್ದಲ್ಲ. 1778ರಲ್ಲಿ ಹಸ್ಸಿ ಮನೆತನ ಇದನ್ನು ಕೊಂಡಿತು. ಅವರಲ್ಲಿ ಮೂರನೇ ಎಡ್ವರ್ಡ್ ಹಸ್ಸಿ ಗುಡ್ಡದ ಮೇಲೆ ಆಂಥನಿ ಸಾಲ್ವಿನ್ ಎಂಬ ವಾಸ್ತುಶಿಲ್ಪಿಯಿಂದ 1837ರಿಂದ 1843ರ ನಡುವೆ ಹೊಸ ಬಂಗಲೆ ಕಟ್ಟಿಸಿ, ಅದರ ಕಿಟಕಿಯಿಂದ ಕೆಳಗಿನ ಹಳೆಯ ಮನೆ ಚಿತ್ರದಂತೆ ಕಾಣಬೇಕೆಂದು 17ನೇ ಶತಮಾನದ ಭಾಗವನ್ನು ಬೇಕೆಂದೇ ಅರ್ಧ ಕೆಡವಿಸಿದ. ಬಂಗಲೆಗೆ ಕಲ್ಲು ತೆಗೆದ ಗಣಿಯನ್ನು ತೋಟವಾಗಿ ಮಾಡಿದ. ಗಣಿಯ ಕಲ್ಲಿನಲ್ಲಿ ಡೈನೋಸಾರ್ ಹೆಜ್ಜೆಯ ಅಚ್ಚನ್ನೂ ಕಾಣಬಹುದು. ತೋಟದ ಅಂದವನ್ನು ಒಪ್ಪಿಕೊಳ್ಳುತ್ತಲೇ ಹೇಳುತ್ತೇನೆ: ಜನ ಬದುಕಬಹುದಾಗಿದ್ದ ಮನೆಯನ್ನು ನೋಟಕ್ಕಾಗಿ ಮುರಿದದ್ದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಅಕ್ಕನ ಮಗಳು ಒಪ್ಪಲಿಲ್ಲ. "ಅವರು ಚಂದಕ್ಕೆ ಅಂತ ಇಷ್ಟಾದರೂ ಉಳಿಸಿದರು ಚಿಕ್ಕಮ್ಮ, ಇಲ್ಲದಿದ್ದರೆ ಪೂರ್ತಿ ಕಿತ್ತು ಕಲ್ಲು ಮಾರಿಕೊಳ್ತಿದ್ದರು" ಎಂದಳು. ಆ ಮಾತಿನಲ್ಲಿಯೂ ಹುರುಳಿದೆ.

ಹಸ್ಸಿಗಳಿಗಿಂತ ಮುಂಚೆ ಸುಮಾರು 350 ವರ್ಷ ಇಲ್ಲಿದ್ದವರು ಕ್ಯಾಥೊಲಿಕ್ ನಂಬಿಕೆಯ ಡ್ಯಾರೆಲ್ ಮನೆತನದವರು. ಒಂದನೇ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯಾಗಬಹುದಾಗಿತ್ತು. ಹೀಗಿದ್ದರೂ ರಿಚರ್ಡ್ ಬ್ಲೌಂಟ್ ಎಂಬ ಪಾದ್ರಿಯನ್ನು 1591ರಿಂದ 1598ರವರೆಗೆ ಅವರು ಗುಪ್ತ ಗೂಡಿನಲ್ಲಿ ಅಡಗಿಸಿಟ್ಟರು. ಕೊನೆಯ ಶೋಧದ ಸಮಯದಲ್ಲಿ ಗೂಡಿನ ಬಾಗಿಲ ಸಂದಿನಿಂದ ಪಾದ್ರಿಯ ನಡುಪಟ್ಟಿಯ ತುದಿ ಹೊರಗೆ ಕಾಣುತ್ತಿತ್ತೆಂದೂ, ಮನೆಯೊಡತಿ ಒಳಗಿದ್ದವರಿಗೆ ಮೆಲ್ಲನೆ ಎಚ್ಚರಿಸಿದಳೆಂದೂ, ಆ ರಾತ್ರಿ ಬ್ಲೌಂಟ್ ಗೋಡೆ ಹತ್ತಿ ಕೊರೆಯುವ ಚಳಿಯಲ್ಲಿ ಕಂದಕಕ್ಕೆ ಹಾರಿ ಈಜಿ ಪಾರಾದನೆಂದೂ ಹೇಳುತ್ತಾರೆ. ಹೊರಗಿನವರನ್ನು ತಡೆಯಲು ತೋಡಿದ ನೀರು ಒಳಗಿದ್ದವನನ್ನು ಪಾರು ಮಾಡಿತು. ಚಾಪೆಲ್ ಇಟ್ಟುಕೊಳ್ಳಲಾಗದ ಕಾಲದಲ್ಲಿ ಆ ಮನೆಯವರಿಗೆ ಅಡಗುಗೂಡೇ ಪೂಜೆಯ ಮನೆಯಾಗಿತ್ತು.

ಸ್ಕಾಟ್ನಿಯಲ್ಲಿ ಇಂದಿಗೂ ಹಾಪ್ಸ್ ಬೆಳೆಯುತ್ತಾರೆ. ಬಿಯರಿಗೆ ಕಹಿ ಕೊಡುವ ಈ ಬಳ್ಳಿಯ ಕೊಯ್ಲು ಸೆಪ್ಟೆಂಬರಿನಲ್ಲಿಯೇ. ಎತ್ತರದ ಕಂಬಗಳಿಗೆ ಹಬ್ಬಿದ್ದ ಬಳ್ಳಿಗಳನ್ನು ಕತ್ತರಿಸಿ ಟ್ರೇಲರಿಗೆ ತುಂಬುತ್ತಿದ್ದ ಯುವಕನೊಬ್ಬ ಒಂದು ಹೂಗೊಂಚಲನ್ನು ಅಂಗೈಯಲ್ಲಿ ಹೊಸಕಿ ಮೂಸಲು ಕೊಟ್ಟ. ಹಳದಿ ಪುಡಿ ಕೈಗೆ ಅಂಟಿತು. ಆ ಘಾಟು ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಹಾಪ್ಸ್ ಒಣಗಿಸಲೆಂದು ಕಟ್ಟಿದ ದುಂಡನೆಯ, ಬಿಳಿ ಟೋಪಿಯ ಓಸ್ಟ್ ಮನೆಗಳು ದಾರಿಯುದ್ದಕ್ಕೂ ಇವೆ, ಬಹುತೇಕ ಎಲ್ಲದರಲ್ಲಿಯೂ ಈಗ ಸಂಸಾರಗಳಿವೆ.

ಮಂಗಳವಾರ, ಆ್ಯಪಲ್‌ಡೋರ್

ಅಕ್ಕನ ಮಗಳಿಗೆ ಕಚೇರಿ ಇದ್ದುದರಿಂದ ಒಬ್ಬಳೇ ರೈಲಿನಲ್ಲಿ ಹೊರಟೆ. ಆ್ಯಶ್‌ಫರ್ಡಿನಲ್ಲಿ ಬದಲಿಸಿ, ರಾಮ್ನಿ ಜೌಗುನೆಲದ ಅಂಚಿನಲ್ಲಿ ಸಾಗುವ ಸಣ್ಣ ಡೀಸೆಲ್ ರೈಲು ಹಿಡಿಯಬೇಕು. ಆ್ಯಪಲ್‌ಡೋರ್ ನಿಲ್ದಾಣದಿಂದ ಊರು ಒಂದೂವರೆ ಮೈಲಿ ದೂರ. ನಾನು ನಡೆದೇ ಹೋದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಕೊಡೆ ಬಿಚ್ಚುವಂತಿರಲಿಲ್ಲ. ಸಮತಟ್ಟಾದ ಹಸಿರು, ನೀರಿನ ಕಾಲುವೆಗಳು, ಎಲ್ಲೆಂದರಲ್ಲಿ ಕುರಿಗಳು. 892ರಲ್ಲಿ ಡೇನರ, ಅಂದರೆ ವೈಕಿಂಗರ ದಂಡು ಹಡಗುಗಳಲ್ಲಿ ಬಂದು ಬೀಡುಬಿಟ್ಟ ಊರಿದು. ಆಮೇಲೆ ಹೊಳೆಯ ಪಾತ್ರ ಬದಲಾಗಿ, ಹೂಳು ತುಂಬಿ, ಸಮುದ್ರವೇ ಮೈಲಿಗಟ್ಟಲೆ ಹಿಂದೆ ಸರಿದಿದೆ.

ಊರಿನಿಂದ ಉತ್ತರಕ್ಕೆ ಹಾರ್ನ್ಸ್ ಪ್ಲೇಸ್ ಇದೆ. ಬೇಸಾಯದ ಮನೆಗೆ ಅಂಟಿಕೊಂಡಂತೆ ನಿಂತಿರುವ ಚಾಪೆಲ್, ಚಾರಿತ್ರಿಕ ಸ್ಥಳಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಪಾಲನೆಯಲ್ಲಿದೆ. ಮನೆಯಲ್ಲಿ ಜನ ವಾಸವಾಗಿರುವುದರಿಂದ ಮುಂಚಿತವಾಗಿ ತಿಳಿಸಿ ಸಮಯ ನಿಗದಿ ಮಾಡಿಕೊಂಡವರಿಗೆ ಮಾತ್ರ ಒಳಗೆ ಪ್ರವೇಶ. ಕೆಲವು ವಾರ ಮೊದಲೇ ಬರೆದುಕೊಳ್ಳುವುದು ಕ್ಷೇಮ. ಹಾರ್ನ್ ಕುಟುಂಬದವರು ಇಲ್ಲಿ ಆರಾಧನೆ ನಡೆಸಲು 1366ರಲ್ಲಿ ಅನುಮತಿ ಪಡೆದರು. ಮನೆ ಮರದ್ದು, ಚಾಪೆಲ್ ಮಾತ್ರ ಕಲ್ಲಿನದು. 1381ರಲ್ಲಿ ತಲೆಗಂದಾಯದ ವಿರುದ್ಧ ಕೆಂಟ್‌ನ ರೈತರು ವಾಟ್ ಟೈಲರ್‌ನ ಮುಂದಾಳುತನದಲ್ಲಿ ಎದ್ದಾಗ ದಂಗೆಕೋರರು ಈ ಮನೆಗೂ ನುಗ್ಗಿದರು. ದಂಗೆ ಅಡಗಿತು, ಮನೆತನ ಮುಂದುವರಿಯಿತು, ಶತಮಾನಗಳ ನಂತರ ಚಾಪೆಲ್ ಕಣಜವಾಯಿತು.

ಒಳಗೆ ನಿಂತಾಗ ಅದು ಕಣಜವಾಗಿದ್ದ ಕಾಲವನ್ನೇ ನಾನು ಹೆಚ್ಚಾಗಿ ಕಲ್ಪಿಸಿಕೊಂಡೆ. ಪೂರ್ವದ ದೊಡ್ಡ ಕಿಟಕಿಯ ಕಲ್ಲಿನ ಕೆತ್ತನೆಯಿಂದ ಬೆಳಕು ಬಂದು ಬರಿಯ ನೆಲದ ಮೇಲೆ ಬೀಳುತ್ತಿತ್ತು. ಮೇಲೆ ಕಮಾನಿನಂತೆ ಬಾಗಿದ ಓಕ್ ತೊಲೆಗಳು. ಧಾನ್ಯ ನೆನೆದರೆ ಕೊಳೆಯುತ್ತದೆ. ಹಾಗಾಗಿ ಧಾನ್ಯ ತುಂಬಿದವನು ಸೂರಿನ ಹೆಂಚು ಜಾರಿದರೆ ಮಾರನೆಯ ದಿನವೇ ಏಣಿ ಹಾಕಿ ಸರಿಪಡಿಸುತ್ತಾನೆ. ಭಕ್ತಿಯಿಂದ ಕಟ್ಟಿದ ಎಷ್ಟೋ ಚಾಪೆಲ್‌ಗಳು ನಂತರದವರ ಆಸಕ್ತಿ ತಪ್ಪಿದೊಡನೆ ಸೂರು ಕುಸಿದು ಕಲ್ಲಿನ ರಾಶಿಯಾಗಿವೆ. ದೇವರ ಮನೆಯಲ್ಲಿ ಹುಲ್ಲು ತುಂಬಿದರೆಂದು ಆ ರೈತರನ್ನು ಜರೆಯುವ ಮಾತು ನನ್ನ ಬಾಯಿಂದ ಬರಲಾರದು.

ಊರಿಗೆ ಮರಳಿ ಚಹಾದಂಗಡಿಯಲ್ಲಿ ಜಿಪ್ಸಿ ಟಾರ್ಟ್ ತಿಂದೆ. ಕಂದುಸಕ್ಕರೆಯನ್ನೂ ಗಟ್ಟಿಹಾಲನ್ನೂ ನೊರೆ ಬರುವಂತೆ ಕಡೆದು ಬೇಯಿಸಿದ ಕೆಂಟ್‌ನ ಸಿಹಿ ಅದು. ವಿಪರೀತ ಸಿಹಿ, ಇಬ್ಬರಿಗೆ ಒಂದು ಸಾಕು. ಪಕ್ಕದ ಮೇಜಿನ ಕುರಿಗಾರರು ರಾಯಲ್ ಮಿಲಿಟರಿ ಕಾಲುವೆಯ ದಂಡೆಯ ಮೇಲೆ ನಡೆದು ನೋಡುವಂತೆ ಹೇಳಿದರು. ನೆಪೋಲಿಯನ್ ದಂಡೆತ್ತಿ ಬಂದರೆ ತಡೆಯಬೇಕೆಂದು 1804ರಿಂದ 1809ರವರೆಗೆ ತೋಡಿದ 28 ಮೈಲಿ ಉದ್ದದ ಕಂದಕವದು. ಅವನು ಬರಲಿಲ್ಲ. 1940ರಲ್ಲಿ ಜರ್ಮನರ ಭಯ ಹುಟ್ಟಿದಾಗ ಅದೇ ದಂಡೆಯ ಮೇಲೆ ಕಾಂಕ್ರೀಟಿನ ಕಾವಲುಗೂಡುಗಳನ್ನು ಕಟ್ಟಿದರು. ಅವರೂ ಬರಲಿಲ್ಲ. ಈಗ ಅದರ ನೀರು ಬೇಸಿಗೆಯಲ್ಲಿ ಹೊಲಗಳಿಗೆ ಆಗುತ್ತದೆ, ಚಳಿಗಾಲದಲ್ಲಿ ಹೆಚ್ಚಿನ ನೀರನ್ನು ಸಾಗಿಸಲು ಅದೇ ಕಾಲುವೆ ಬೇಕು ಎಂದು ಅವರು ವಿವರಿಸಿದರು. ರೈಲು ಗಂಟೆಗೊಂದೇ ಇದ್ದುದರಿಂದ ಸೇತುವೆಯ ಎರಡೂ ಬದಿಗೆ ಸ್ವಲ್ಪ ದೂರ ನಡೆದು, ನಾಲ್ಕು ಗಂಟೆಯ ರೈಲಿಗೆ ಸರಿಯಾಗಿ ನಿಲ್ದಾಣ ಸೇರಿದೆ.